ಸೊಟ್ಟ ಕಾಲಿನ ಅಂಜುಬುರುಕ ಗಿಣಿ ಜೊತಿ ದೋಸ್ತಿ ಹೆಂಗ ಮಾಡೋದು

ನಮ್ ಮನ್ಯಾಗ ಒಂದು ಕಾಕಟೀಲ್ (ತಲಿ ಮ್ಯಾಲ ಜುಟ್ಟಿರೋ ಸಣ್ಣ ಪರದೇಶಿ ಗಿಣಿ) ಅದ, ಹೆಸರು ಗುಂಡ್ಯಾ, ಎಡಗಾಲು ಹುಟ್ಟಿದಾಗಿಂದ ಸೊಟ್ಟ, ಹೊರಗ ಚಾಚಿಕೊಂಡೇ ಇರ್ತದ. ಕಲಬುರಗಿಗಿ ತಂದ ಮೊದಲ್ನೇ ವಾರದಾಗೇ ನಾ ಯಾವ್ದೋ ವಿಡಿಯೋ ನೋಡಿ ಶಾಣ್ಯಾ ಆಗ್ಲಾಕ ಹೋಗಿ, ಪಂಜ್ರದಾಗ ಕೈ ಹಾಕಿ ಬೆರಳು ಅದರ ಹೊಟ್ಟಿಗಿ ಹಚ್ಚಿ ಹತ್ತು ಹತ್ತು ಅಂದೆ, ಪಾಪ ಅದು ಹತ್ಲಾಕ ಹೋಗಿ ಹಿಡಿತ ಸಿಗದೆ ಧಬ್ ಅಂತ ಕೆಳಗ ಬಿತ್ತು. ಮುಂದ ಹದಿನೈದು ದಿನ ನನ್ನ ನೆರಳು ಕಂಡ್ರೂ ಮೂಲಿಗಿ ಸರದು ಹಿಸ್ ಅಂತಿತ್ತು.

ಆಮ್ಯಾಲ ತಿಳೀತು ನೋಡ್ರಿ, ಇಂಥ ಗಿಣಿಗಿ ಅರ್ಧ ಅಂಜಿಕಿ ನಮ್ದಲ್ಲ, ಬೀಳೋದ್ರದು. ಕಾಲ ಕೆಳಗ ಗಟ್ಟಿ ಇದ್ರ ಮಾತ್ರ ಅದು ನಮ್ಮ ಕಡಿ ನೋಡ್ತದ.

(ಒಂದು ಮಾತು, ನಮ್ಮ ಊರ ಹಸಿರು ಗಿಣಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಗಾಯ ಆಗಿದ್ದು ಸಿಕ್ರ ಅರಣ್ಯ ಇಲಾಖೆಯವ್ರಿಗಿ ಹೇಳ್ರಿ. ನಾ ಹೇಳ್ತಿರೋದು ಕಾಕಟೀಲ್, ಬಡ್ಜಿ, ಲವ್ ಬರ್ಡ್ ಇಂಥ ಪರದೇಶಿ ಗಿಣಿಗಳದು.)

ಹಂಗಾಗಿ ಮೊದಲ ಪಂಜ್ರ ಸುಧಾರಿಸ್ರಿ. ಅಂಗಡ್ಯಾಗ ಕೊಡೋ ನುಣ್ಣನ್ನ ಗೋಲ್ ಕಡ್ಡಿ ತಗದು ಒಗೀರಿ. ಗೇಣಗಲದ ಹಲಗಿ ಒಂದು, ತೊಗಟಿ ಇರೋ ಬೇವಿನ ಟೊಂಗಿ ಒಂದೆರಡು, ಎಲ್ಲಾ ನೆಲದಿಂದ ನಾಕು ಬಟ್ಟು ಎತ್ತರಕ್ಕ ಕಟ್ರಿ, ಕಾಳು ನೀರು ನಿಂತಲ್ಲೇ ಸಿಗಂಗ ಇಡ್ರಿ. ಕೆಳಗ ಮೆತ್ತಗಿನ ಅರಿವಿ ಹಾಸ್ರಿ, ಆದ್ರ ಟವಲ್ ಬ್ಯಾಡ, ಅದರ ಎಳಿಯಾಗ ಉಗುರು ಸಿಕ್ಕೊಂಡು ಇದ್ದ ಒಂದು ಕಾಲೂ ಮುರೀತದ. ನಾ ಅವ್ವನ ಹಳೇ ಕಾಟನ್ ಸೀರಿ ಹರದು ಹಾಸೀನಿ, ಅವ್ವ ಇನ್ನೂ ಬಯ್ತಾಳ. ಮತ್ತ ಛಲೋ ಇರೋ ಕಾಲಿನ ಅಂಗಾಲು ವಾರಕ್ಕೊಮ್ಮೆ ನೋಡ್ರಿ, ಪುರಾ ಭಾರ ಅದರ ಮ್ಯಾಲೇ ಬೀಳ್ತದ, ಕೆಂಪಾಗಿ ಬಾವು ಬಂದ್ರ ಡಾಕ್ಟ್ರ ಹತ್ರ ಹೋಗೋದೇ. ರಾತ್ರಿ ಝೀರೋ ಬಲ್ಬ್ ಹಚ್ಚಿಡ್ರಿ, ಕಾಕಟೀಲ್ ಕತ್ತಲಾಗ ಸುಮ್ಮನೆ ಬೆದರಿ ಪಂಜ್ರ ತುಂಬ ಬಡದಾಡ್ತಾವ.

ಇನ್ನ ನೀವು. ಮೂರು ಮಾರು ದೂರ ನೆಲದ ಮ್ಯಾಲ ಕುಂದರ್ರಿ, ಅದರ ತಲಿಕಿಂತ ನಿಮ್ಮ ತಲಿ ಭಾಳ ಮ್ಯಾಲ ಇರಬಾರ್ದು. ಎರಡೂ ಕಣ್ಣು ನೆಟ್ಟು ನೋಡಬ್ಯಾಡ್ರಿ, ಬೆಕ್ಕು ಹಂಗೇ ನೋಡ್ತದಲ್ಲ, ಮಾರಿ ಬಾಜು ತಿರುವಿ ಪೇಪರ್ ಜೋರಾಗಿ ಓದ್ರಿ, ಏನರ ಮಾತಾಡ್ರಿ. ನಿಮ್ಮ ಎದುರಿಗಿ ಕಾಳು ತಿಂತು ಅಂದ್ರ ಮೊದಲ್ನೇ ಮೆಟ್ಟಲು ಆತು, ಮರುದಿನ ಒಂದು ಗೇಣು ಮುಂದ ಬರ್ರಿ. ಜುಟ್ಟು ನೆಟ್ಟಗ ನಿಂದ್ರಿಸಿ ಮೈ ಸಣ್ಣ ಮಾಡ್ತು ಅಂದ್ರ ಹಿಂದ ಸರೀರಿ, ಜುಟ್ಟು ತಲಿಗಿ ಅಂಟಿಸಿ ಹಿಸ್ ಅಂತು ಅಂದ್ರ ನೀವು ಆಗ್ಲೇ ಲೇಟ್ ಮಾಡೀರಿ. ಕೊಕ್ಕು ಕರಕರ ತಿಕ್ಕಿದ್ರ ಆರಾಮ ಅದ ಅಂತ.

ಆಮ್ಯಾಲ ನವಣಿ ತೆನಿ. ಉದ್ದ ದಂಟಿನ ತೆನಿ ಸರಳಿನ ಸಂದ್ಯಾಗಿಂದ, ಸೊಟ್ಟ ಕಾಲಿನ ಕಡಿಯಿಂದ ಅಲ್ಲ, ಗಟ್ಟಿ ಕಾಲಿನ ಕಡಿಯಿಂದ ಚಾಚ್ರಿ, ಯಾಕಂದ್ರ ಆ ಕಡಿ ವಾಲಿದ್ರ ಬೀಳಂಗಿಲ್ಲ. ಐದು ನಿಮಿಷ ಸಾಕು, ಬೆಳಿಗ್ಗಿನೇ ಮಾಡ್ರಿ. ನಮ್ಮ ಕಡಿ ಮೇ ತಿಂಗಳ ಮಧ್ಯಾಹ್ನದಾಗ ಮನಷ್ಯಾರೇ ಹೈರಾಣ ಆಗ್ತಾರ, ಅದು ಬಾಯಿ ತಗದು ರೆಕ್ಕಿ ಅಗಲಿಸಿ ನಿಂತದ ಅಂದ್ರ ಟ್ರೈನಿಂಗ್ ಎಲ್ಲಿ ಹಚ್ಚೀರಿ, ತಂಪಿನ ಜಾಗಕ್ಕ ಒಯ್ರಿ. ಅಡಗಿ ಮನಿ ಬಾಜು ಇಡಬ್ಯಾಡ್ರಿ, ನಾನ್‌ಸ್ಟಿಕ್ ತವಾ ಕಾದು ಕೆಟ್ಟ ಹಬಿ ಬಂತಂದ್ರ ಹಕ್ಕಿ ನಿಮಿಷದಾಗ ಸಾಯ್ತದ.

ನಮ್ ಗುಂಡ್ಯಾಗ ಅವ್ವ ರೊಟ್ಟಿ ಬಡಿಯೋ ಸಪ್ಳ ಕೇಳಿದ್ರ ಜೀವ ಹೋಗ್ತಿತ್ತು. ಅದಕ್ಕ ರೊಟ್ಟಿ ಟೈಮಿಗೇ ತೆನಿ ಕೊಡ್ಲಾಕ ಹಚ್ಚಿದೆ, ಮೊದಲ ಪಡಸಾಲ್ಯಾಗ ದೂರ ಇಟ್ಟು. ಒಂದೂವರಿ ತಿಂಗಳಿಗಿ ಪಟಪಟ ಸಪ್ಳ ಬಂತಂದ್ರ ತಾನೇ ಕುಂಟ್ಕೊಂತ ಬಾಗಲಿಗಿ ಬಂದು ನಿಂದರ್ಲಾಕ ಹತ್ತಿತು.

ಬೆರಳಿನ ಮ್ಯಾಲ ಕೂಡಸೋ ಆಸಿ ಬಿಟ್ಟೀನಿ. ಮುಂಗೈ ಹಲಗಿಗಿ ಸಮ ಇಡ್ರಿ, ಅಂಗಿ ತೋಳು ಇಳಿಸಿಕೊಂಡು, ಅದು ತಾನೇ ನಡ್ಕೊಂತ ಬರ್ಲಿ, ಅರ್ಧಕ್ಕ ವಾಪಸ್ ಹೋದ್ರ ಹೋಗ್ಲಿ, ಹಿಡೀಬ್ಯಾಡ್ರಿ.

ಹಂಗೇ ಅಡಗಿ ತಕ್ಕಡಿ ಮ್ಯಾಲ ನಾಕು ಕಾಳು ಹಾಕಿ ಹತ್ತೋದು ಕಲಸ್ರಿ. ಹಕ್ಕಿ ಬ್ಯಾನಿ ತೋರ್ಸಂಗಿಲ್ಲ, ತೂಕ ಹತ್ತನೇ ಒಂದು ಪಾಲು ಇಳೀತಂದ್ರ ಪುಕ್ಕ ಉಬ್ಬಿಸೋ ತನಕ ಕಾಯದೆ ಪಶು ಡಾಕ್ಟ್ರಿಗಿ ತೋರ್ಸ್ರಿ, ಬೀದರ ಕಡಿಯವ್ರಿಗಿ ನಂದಿನಗರದಾಗ ಪಶು ವೈದ್ಯಕೀಯ ಯೂನಿವರ್ಸಿಟಿನೇ ಅದ. ಗುಂಡ್ಯಾ ನಿನ್ನಿ ತಾನೇ ಬಂದು ತಕ್ಕಡಿ ಹತ್ತಿದ, 88 ಗ್ರಾಂ.