ಬರ್ಲಿನ್ನಿನಲ್ಲಿ ಮನೆ ಸಿಕ್ಕಿತಾ? ಮೊದಲು ಅಂಚೆ ಪೆಟ್ಟಿಗೆ ಮೇಲೆ ಹೆಸರು ಅಂಟಿಸಿ

ಬರ್ಲಿನ್ನಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿಯ ಹೆಸರು, ಕಟ್ಟಡದ ನಂಬರ್, ಐದಂಕಿಯ ಪಿನ್‌ಕೋಡ್, ಕೊನೆಗೆ ಬರ್ಲಿನ್. ಅಷ್ಟೇ. ಒಂದೇ ನಂಬರಿನಲ್ಲಿ ಬೀದಿ ಕಡೆಯ ಮನೆಗಳು, ಅಂಗಳದ ಹಿಂದಿನ ಮನೆಗಳು ಎಲ್ಲ ಸೇರಿ ಹತ್ತಾರು ಸಂಸಾರ ಇರುತ್ತವೆ. ಪತ್ರ ಯಾರದ್ದು ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತಾಗುವುದು ಪೆಟ್ಟಿಗೆ ಮೇಲಿನ ಹೆಸರಿನಿಂದ. ಹೆಸರು ಕಾಣದಿದ್ದರೆ ಪತ್ರ ವಾಪಸ್. ನಮ್ಮೂರಿನ ಹಾಗೆ ಫೋನ್ ಮಾಡಿ ‘ಎಲ್ಲಿದೀರಾ ಸಾರ್’ ಅಂತ ಯಾರೂ ಕೇಳುವುದಿಲ್ಲ.

ಹೊಸಬರು ಪದೇ ಪದೇ ಎಡವುವುದು ಇಲ್ಲೇ. ಹಾವೇರಿ ಕಡೆಯ ಹುಡುಗನೊಬ್ಬ ಇನ್ನೊಬ್ಬರ ಮನೆಯಲ್ಲಿ ಒಂದು ರೂಮ್ ಹಿಡಿದ. 14 ದಿನದೊಳಗೆ ಮಾಡಿಸಬೇಕಾದ ವಿಳಾಸ ನೋಂದಣಿಯನ್ನು, ಅಂದರೆ ಆನ್‌ಮೆಲ್ಡುಂಗ್, ಸರಿಯಾಗಿ ಮಾಡಿಸಿದ. ಆದರೆ ಪೆಟ್ಟಿಗೆ ಮೇಲೆ ಮನೆಯವರ ಹೆಸರು ಮಾತ್ರ ಇತ್ತು. ಬ್ಯಾಂಕಿನ ಕಾರ್ಡ್ ಒಂದು ಕವರಿನಲ್ಲಿ, ಪಿನ್ ಇನ್ನೊಂದರಲ್ಲಿ ಬಂತು, ಎರಡೂ ವಾಪಸ್ ಹೋದವು. ತೆರಿಗೆ ಐಡಿಯ ಪತ್ರವೂ ಹೋಯಿತು. ಐಡಿ ಕೊಡದ ಕಾರಣ ಕಂಪನಿಯವರು ಅವನ ಸಂಬಳವನ್ನು ತೆರಿಗೆ ಕ್ಲಾಸ್ 6ಕ್ಕೆ ಹಾಕಿದರು. ಅದು ಎಲ್ಲಕ್ಕಿಂತ ಜಾಸ್ತಿ ಹಿಡಿಯುವ ಕ್ಲಾಸ್. ಹಣ ಆಮೇಲೆ ವಾಪಸ್ ಬರುತ್ತದೆ, ನಿಜ. ಆದರೆ ಹೊಸ ಮನೆಗೆ ಡೆಪಾಸಿಟ್ ಕಟ್ಟಿ ಕೂತವನಿಗೆ ಆ ತಿಂಗಳು ಹೇಗೆ ಕಳೆಯಬೇಕು? ಐಡಿ ಮತ್ತೆ ಕೇಳಿದರೆ ಅದನ್ನು ಕೊಡುವ ತೆರಿಗೆ ಕಚೇರಿಯವರು ಫೋನಿನಲ್ಲಿ ಹೇಳುವುದಿಲ್ಲ, ಇಮೇಲ್ ಮಾಡುವುದಿಲ್ಲ. ಮತ್ತೆ ಅದೇ ಪೆಟ್ಟಿಗೆಗೆ ಪತ್ರ.

ನಮ್ಮವರಿಗೆ ಇನ್ನೊಂದು ತೊಡಕು ಇದೆ. ಗಂಡನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅವನ ಅಪ್ಪನ ಹೆಸರು, ಹೆಂಡತಿಯದರಲ್ಲಿ ಅವಳ ಅಪ್ಪನ ಹೆಸರು, ಮಗುವಿನದರಲ್ಲಿ ಗಂಡನ ಹೆಸರು. ಒಂದೇ ಮನೆ, ಮೂರು ಸರ್‌ನೇಮ್. ಮೂರನ್ನೂ ಅಂಟಿಸಿ. ಎಲ್ಲರೂ ಮಂಜು ಅನ್ನುತ್ತಾರೆ ಅಂತ ಪೆಟ್ಟಿಗೆ ಮೇಲೆ ಸುಮ್ನೆ ಮಂಜು ಅಂತ ಬರೆದರೆ, ಬಸವರಾಜಪ್ಪ ಅನ್ನುವ ಸರ್‌ನೇಮಿಗೆ ಬಂದ ಪತ್ರ ನಿಮ್ಮದೇ ಅಂತ ಪೋಸ್ಟ್‌ಮ್ಯಾನ್‌ಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನ ಸ್ಪೆಲ್ಲಿಂಗ್ ಹೇಗಿದೆಯೋ ಹಾಗೇ ಬರೆಯಿರಿ. ಬಾಗಿಲ ಬೆಲ್ ಮೇಲೂ ಅದೇ ಹೆಸರು ಇರಲಿ.

ರೂಮ್ ಬಾಡಿಗೆಗೆ ಇರುವವರು ‘ಕೇರ್ ಆಫ್’ ಅಂತ ಮನೆಯವರ ಹೆಸರು ಬರೆಸಿಕೊಳ್ಳಬಹುದು. ಆದರೆ ಸರ್ಕಾರಿ ಪತ್ರದಲ್ಲಿ ಆ ಸಾಲು ಇರುತ್ತದೆ ಅಂತ ನಂಬಿ ಕೂರಬೇಡಿ. ಸ್ವಂತ ಹೆಸರು ಅಂಟಿಸಲು ಬಿಡದ ಮನೆಯನ್ನು ನಾನಂತೂ ಬೇಡ ಅನ್ನುತ್ತೇನೆ.

ಹೆಸರು ಹಾಕಿದ ಮೇಲೆ ಪೆಟ್ಟಿಗೆಯನ್ನು ದಿನಾ ತೆಗೆದು ನೋಡಿ. ಕೋರ್ಟು, ಸರ್ಕಾರಿ ಕಚೇರಿಗಳ ಅಧಿಕೃತ ಪತ್ರ ಬರುವ ಹಳದಿ ಕವರ್ ಕಂಡರೆ ಹುಷಾರು. ಪೆಟ್ಟಿಗೆಗೆ ಹಾಕಿದ ತಾರೀಕನ್ನು ಕವರ್ ಮೇಲೇ ಬರೆದಿರುತ್ತಾರೆ, ಆ ದಿನವೇ ನಿಮಗೆ ತಲುಪಿತು ಅಂತ ಕಾನೂನಿನ ಲೆಕ್ಕ. ಸಂಚಾರ ದಂಡದ ಆದೇಶವಾದರೆ ಆಕ್ಷೇಪಣೆಗೆ ಎರಡೇ ವಾರ. ಊರಿಗೆ ಹೋಗುವಾಗ ಪೆಟ್ಟಿಗೆಯ ಬೀಗದ ಕೈಯನ್ನು ಪರಿಚಯದವರ ಹತ್ತಿರ ಕೊಟ್ಟು ಹೋಗಿ.

ವಿಯೆನ್ನಾದ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಮನೆಯ ಬಾಗಿಲ ನಂಬರನ್ನೂ ವಿಳಾಸದಲ್ಲೇ ಬರೆಯುತ್ತಾರೆ. ಪಿನ್‌ಕೋಡ್ 1070 ಅಂದರೆ ಏಳನೇ ಜಿಲ್ಲೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಬರ್ಲಿನ್ನಿನ 12 ಜಿಲ್ಲೆಗಳಿಗೂ ಪಿನ್‌ಕೋಡಿಗೂ ಅಂಥ ನೇರ ಸಂಬಂಧ ಇಲ್ಲ. ಆದರೂ ಪಿನ್‌ಕೋಡ್ ಬಿಡಬೇಡಿ. 1920ರಲ್ಲಿ ಸುತ್ತಲಿನ ಪಟ್ಟಣ, ಹಳ್ಳಿಗಳನ್ನೆಲ್ಲ ಸೇರಿಸಿ ದೊಡ್ಡ ಬರ್ಲಿನ್ ಮಾಡಿದರು, ಒಂದೇ ಹೆಸರಿನ ಬೀದಿಗಳು ಹಲವು ಕಡೆ ಹಾಗೇ ಉಳಿದವು. ಬರೀ ಬಾನ್‌ಹೋಫ್‌ಸ್ಟ್ರಾಸೆ ಅಂತ ನಂಬಿ ಮನೆ ನೋಡಲು ಹೊರಟರೆ ಊರಿನ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತೀರಿ.

ಕಟ್ಟಡದ ನಂಬರೂ ಎಲ್ಲ ಕಡೆ ಬೆಸ, ಸಮ ಅಂತ ಎದುರುಬದುರು ಇರುವುದಿಲ್ಲ. ಹಳೇ ಬೀದಿಗಳಲ್ಲಿ ಒಂದು ಬದಿ ಕೊನೆಯ ತನಕ ಎಣಿಸಿಕೊಂಡು ಹೋಗಿ, ಇನ್ನೊಂದು ಬದಿ ವಾಪಸ್ ಬರುತ್ತಾರೆ. ಕುರ್‌ಫ್ಯುರ್ಸ್ಟನ್‌ಡಾಮ್ ಅನ್ನುವ ದೊಡ್ಡ ಬೀದಿಯ ನಂಬರ್ 11ರಿಂದ ಶುರುವಾಗಿ ಆ ತುದಿಯ ಹಾಲೆನ್‌ಸೇ ಬಡಾವಣೆ ಮುಟ್ಟಿ, ಎದುರು ಬದಿಯಲ್ಲಿ ಹಿಂದಿರುಗಿ 237ಕ್ಕೆ ಮುಗಿಯುತ್ತದೆ. ಮೂಲೆಯ ಬೀದಿ ಫಲಕದಲ್ಲಿ ಆ ತುಂಡಿನ ನಂಬರ್‌ಗಳನ್ನು ಚಿಕ್ಕದಾಗಿ ಬರೆದಿರುತ್ತಾರೆ, ಅದನ್ನು ನೋಡಿಕೊಂಡೇ ನಡೆಯಿರಿ.