ಇಂಗ್ಲೆಂಡಿನಲ್ಲಿ ಐವಿಎಫ್: ವಾಸಿಯಾದ ಸೋಂಕಿನ ವಿಷಯವನ್ನೂ ಹೇಳಬೇಕಾದದ್ದೇಕೆ?

ಐವಿಎಫ್‌ಗೆಂದು, ಅಂದರೆ ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದೊಳಗೆ ಇಡುವ ಚಿಕಿತ್ಸೆಗೆಂದು, ಹೋದಾಗ ಸಂತಾನ ಚಿಕಿತ್ಸೆಯ ಕ್ಲಿನಿಕ್ಕಿನ ಮೊದಲ ಭೇಟಿಯಲ್ಲಿ, ಹಿಂದೆ ಎಂದಾದರೂ ಲೈಂಗಿಕ ಸೋಂಕು ತಗುಲಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಂಡ ಪಕ್ಕದಲ್ಲೇ ಕುಳಿತಿರುವಾಗ, ಮದುವೆಗೂ ಮುಂಚೆ ಮಾತ್ರೆ ನುಂಗಿ ವಾಸಿಮಾಡಿಕೊಂಡ ಕ್ಲಾಮಿಡಿಯಾದ ಮಾತು ಈಗೇಕೆ ಎಂದು ಅನೇಕರು ‘ಇಲ್ಲ’ ಎಂದುಬಿಡುತ್ತಾರೆ. ಆ ಹಿಂಜರಿಕೆ ಸಹಜವೇ. ಆದರೆ ನೀವಾಗಿ ಹೇಳದಿದ್ದರೆ ಆ ವಿಷಯ ವೈದ್ಯರಿಗೆ ಬೇರೆ ದಾರಿಯಿಂದ ತಿಳಿಯುವ ಸಂಭವ ತೀರ ಕಡಿಮೆ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ, ವೀಸಾ ಯಾವುದೇ ಇರಲಿ, ಸೋಂಕಿನ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಅಲ್ಲಿಯ ದಾಖಲೆ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಜಿಪಿಗೂ (ನೀವು ಹೆಸರು ನೋಂದಾಯಿಸಿದ ಸ್ಥಳೀಯ ವೈದ್ಯರಿಗೂ) ಹೋಗುವುದಿಲ್ಲ. ಭಾರತದಲ್ಲಿ ಪಡೆದ ಚಿಕಿತ್ಸೆಯ ವಿವರವಂತೂ ಇಲ್ಲಿಯ ಕಂಪ್ಯೂಟರಿನಲ್ಲಿ ತಾನಾಗಿ ಬರುವುದಿಲ್ಲ.

ಕ್ಲಾಮಿಡಿಯಾ, ಗೊನೋರಿಯಾಗಳು ಔಷಧಿಯಿಂದ ಗುಣವಾದರೂ ಗರ್ಭನಾಳದೊಳಗೆ ಅವು ಮಾಡಿದ ಗಾಯದ ಗುರುತು ಉಳಿದಿರಬಹುದು, ಅದೂ ಎಷ್ಟೋ ಸಲ ಯಾವ ನೋವೂ ಇಲ್ಲದೆ. ನಾಳಗಳು ತೆರೆದಿವೆಯೇ ಎಂದು ನೋಡಲು ಸಾಮಾನ್ಯವಾಗಿ ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೆಯುತ್ತಾರೆ. ಹಿಂದೆ ಕಿಬ್ಬೊಟ್ಟೆಯ (ಗರ್ಭಕೋಶ, ನಾಳಗಳ) ಸೋಂಕು ಆಗಿದ್ದವರಿಗಾದರೆ, ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಲ್ಯಾಪರೊಸ್ಕೊಪಿಯನ್ನು, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಪರೀಕ್ಷೆಯನ್ನು, ಸೂಚಿಸುತ್ತದೆ. ನಾಳದಲ್ಲಿ ನೀರು ತುಂಬಿಕೊಂಡು ಊದಿದ್ದರೆ ಅದು ಐವಿಎಫ್‌ನ ಯಶಸ್ಸನ್ನೇ ತಗ್ಗಿಸುತ್ತದೆಯಾದ್ದರಿಂದ, ಅಂಥ ನಾಳವನ್ನು ಮೊದಲೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ಅಂದರೆ ನೀವು ಕೊಡುವ ಒಂದು ಉತ್ತರದಿಂದ ಚಿಕಿತ್ಸೆಯ ಕ್ರಮವೇ ಬದಲಾಗಬಹುದು. ನಾಳ, ಗರ್ಭಕೋಶಗಳಿಗೆ ಹಾನಿಯಾಗಿಲ್ಲವೆಂದು ಖಚಿತವಾದರೆ, ಗುಣವಾದ ಹಳೆಯ ಸೋಂಕು ಐವಿಎಫ್‌ಗೆ ಅಡ್ಡಿಯಲ್ಲ ಎಂಬುದನ್ನೂ ಧೈರ್ಯವಾಗಿ ನಂಬಬಹುದು.

ಗಂಡನ ಅಥವಾ ಅತ್ತೆಯ ಎದುರು ಹೇಳಲಾಗದಿದ್ದರೆ ನರ್ಸ್ ಜೊತೆ ಒಬ್ಬರೇ ಮಾತಾಡಬೇಕೆಂದು ಕೇಳಿ. ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ಇಂಗ್ಲಿಷ್ ತೊಡಕಾದರೆ ಮನೆಯವರನ್ನು ದುಭಾಷಿಯಾಗಿಸದೆ, ಆಸ್ಪತ್ರೆಯ ದುಭಾಷಿಯನ್ನೇ ಮುಂಚಿತವಾಗಿ ಕೇಳುವುದು ಒಳ್ಳೆಯದು. ಚಿಕಿತ್ಸೆಗೆ ಮೊದಲು ಇಬ್ಬರಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ ಇರುತ್ತದೆ. ಅದು ನಿಮ್ಮೊಬ್ಬರ ಮೇಲಿನ ಸಂಶಯವಲ್ಲ.

ಖರ್ಚಿನ ಬಗ್ಗೆ ಒಂದೇ ಮಾತು: ವೀಸಾದೊಂದಿಗೆ ಆರೋಗ್ಯ ಸರ್ಚಾರ್ಜ್ (ಎನ್‌ಎಚ್‌ಎಸ್ ಸೇವೆಗಾಗಿ ಕಟ್ಟುವ ಶುಲ್ಕ) ಕಟ್ಟಿ ಬಂದವರಿಗೆ 2017ರಿಂದ ಇಂಗ್ಲೆಂಡಿನಲ್ಲಿ ಐವಿಎಫ್ ಸಾಮಾನ್ಯವಾಗಿ ಉಚಿತವಲ್ಲ.

ಗರ್ಭ ನಿಂತ ಮೇಲೂ ಹಳೆಯ ವಿಷಯ ಮುಖ್ಯವೇ. ಭ್ರೂಣವನ್ನು ಗರ್ಭಕೋಶದೊಳಗೇ ಇಟ್ಟಿದ್ದರೂ ಅದು ಹಾನಿಗೊಂಡ ನಾಳಕ್ಕೆ ಸರಿದು ಅಲ್ಲಿ ಬೆಳೆಯುವ ಅಪಾಯವಿರುವುದರಿಂದ, ಆರೇಳು ವಾರಗಳ ಹೊತ್ತಿನ ಮೊದಲ ಸ್ಕ್ಯಾನ್ ತಪ್ಪಿಸಬೇಡಿ. ಹೊಟ್ಟೆಯ ಒಂದು ಬದಿಯಲ್ಲಿ ನೋವು ಅಥವಾ ರಕ್ತಸ್ರಾವ ಕಂಡರೆ ಕೂಡಲೇ ಎನ್‌ಎಚ್‌ಎಸ್‌ನ ಸಲಹಾ ಸಂಖ್ಯೆ 111ಕ್ಕೆ ಕರೆಮಾಡಿ. ಹೊಟ್ಟೆಯಲ್ಲಿ ತಟ್ಟನೆ ತೀವ್ರ ನೋವು, ಭುಜದ ತುದಿಯಲ್ಲಿ ವಿಚಿತ್ರ ನೋವು, ತಲೆಸುತ್ತು ಕಾಣಿಸಿಕೊಂಡರೆ ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ, ಐವಿಎಫ್ ಆಗಿದೆ, ನಾಳಕ್ಕೆ ಹಿಂದೆ ಸೋಂಕಾಗಿತ್ತು ಎಂಬ ಎರಡು ಮಾತುಗಳನ್ನು ಮೊದಲೇ ಹೇಳಿ.