ಕುರ್ಲಾದ ಗುಜರಿಯಲ್ಲಿ ಸಿಕ್ಕ ಹೆಸರಿಲ್ಲದ ಪೆಟ್ಟಿಗೆ

ಮುಂಬೈಯ ಕುರ್ಲಾದಲ್ಲಿ ಗುಜರಿ ಗೋಡೌನ್ ಇಟ್ಟಿರುವ ಕುಂದಾಪುರದ ಗೆಳೆಯರು ಫೋನ್ ಮಾಡಿದರು. "ಮಾರಾಯ್ರೆ, ಹಳೇ ಕಂಪ್ಯೂಟರ್ ಒಂದು ಬಂದಿದೆ. ನಾಳೆ ಒಡೆಸ್ತೇನೆ, ಬೇಕಾದ್ರೆ ಇವತ್ತೇ ಬನ್ನಿ."

ಮುಂದಿನ ಹೆಸರುಪಟ್ಟಿ ಕಿತ್ತುಹೋಗಿ ಅಂಟಿನ ಕಲೆ ಮಾತ್ರ ಉಳಿದಿತ್ತು. ಮುಚ್ಚಳ ತೆಗೆದರೆ ಐಬಿಎಂನ ಪಿಸಿ ಎಟಿಯಲ್ಲಿರುವಂಥ, ಕಾರ್ಡು ಸಿಕ್ಕಿಸುವ ಸ್ಲಾಟುಗಳು. ಹಳೇ ಪಿಸಿ ಅಂದುಕೊಂಡು ಬಿಟ್ಟು ಬರುವವನಿದ್ದೆ. ಆಗ ಪ್ರೊಸೆಸರ್ ಕಂಡಿತು: ಮೊಟೊರೊಲಾ 68020. ಪಿಸಿ ಆಗಿದ್ದರೆ ಇಂಟೆಲ್ ಇರಬೇಕಿತ್ತು, ಅಲ್ವಾ?

ಡೊಂಬಿವಿಲಿಯ ಮನೆಗೆ ತಂದೆ. ಕರೆಂಟ್ ಕೊಡಲಿಲ್ಲ. ಪವರ್ ಸಪ್ಲೈ ಕೆಟ್ಟಿದ್ದರೆ ಬೋರ್ಡನ್ನೂ ಸುಡುತ್ತದೆ, ದಯವಿಟ್ಟು ಆತುರ ಬೇಡ. ಮೊದಲು ಬ್ರಷ್, ಟಾರ್ಚ್, ಭೂತಕನ್ನಡಿ.

ಚಿಪ್ಪುಗಳ ಮೇಲಿನ ನಾಲ್ಕಂಕಿಗಳನ್ನು ಬರೆದುಕೊಂಡೆ. 8641 ಅಂದರೆ 1986ರ 41ನೇ ವಾರ. ಸಾಕೆಟ್‌ನಲ್ಲಿ ಕೂತ ಚಿಪ್ಪನ್ನು ಜಾಸ್ತಿ ನಂಬಬೇಡಿ, ರಿಪೇರಿಯಲ್ಲಿ ಬದಲಾಗಿರಬಹುದು. ಬೆಸುಗೆ ಹಾಕಿದವುಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಹುಡುಕಿ. ನನಗೆ ಸಿಕ್ಕಿದ್ದು 8709. ಅಂದಮೇಲೆ ಬೋರ್ಡು ತಯಾರಾದದ್ದು 1987ರ ಫೆಬ್ರವರಿ ಕೊನೆಗಿಂತ ಮುಂಚೆ ಅಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ನೆಟ್‌ವರ್ಕ್ ಕಾರ್ಡ್. ಕೋಆಕ್ಸ್ ಕೇಬಲ್ ಸಿಕ್ಕಿಸಲು ಎರಡು ಕಡೆ ಜಾಗ, ಒಂದು ಒಳಬರಲು, ಇನ್ನೊಂದು ಹೊರಹೋಗಲು. ಇದು ಯಂತ್ರಗಳನ್ನು ಉಂಗುರದಂತೆ ಪೋಣಿಸುವ ಟೋಕನ್ ರಿಂಗ್. ಮೂಲೆಯ ದೂಳು ಒರೆಸಿದೆ. ಅಪೊಲೊ! ವರ್ಕ್‌ಸ್ಟೇಷನ್ ಅನ್ನುವ ದೊಡ್ಡ ಕೆಲಸದ ಕಂಪ್ಯೂಟರ್ ಮಾಡುತ್ತಿದ್ದ ಕಂಪನಿ. ನಿಜಕ್ಕೂ ಕೈ ನಡುಗಿತು. 68020, ಎಟಿ ಸ್ಲಾಟು, ಅಪೊಲೊ ರಿಂಗ್, ಮೂರೂ ಕೂಡಿದರೆ 1986ರ ಮಾದರಿ ಡಿಎನ್3000.

ವಿಲಿಯಂ ಪೊಡುಸ್ಕಾ 1980ರಲ್ಲಿ ಮ್ಯಾಸಚೂಸೆಟ್ಸ್‌ನ ಚೆಲ್ಮ್ಸ್‌ಫರ್ಡ್‌ನಲ್ಲಿ ಕಟ್ಟಿದ ಕಂಪನಿ ಇದು. ವರ್ಕ್‌ಸ್ಟೇಷನ್‌ಗೇ ಹೆಸರಾದ ಸನ್ ಕಂಪನಿ ಹುಟ್ಟಿದ್ದು ಇನ್ನೂ ಎರಡು ವರ್ಷ ಆದಮೇಲೆ. ಎರಡು ಓರೆಗೆರೆ ಹಾಕಿ ಪಕ್ಕದ ಯಂತ್ರದ ಹೆಸರು ಬರೆದರೆ ಸಾಕು, ಅದರ ಫೈಲು ನಮ್ಮದೇ ಡಿಸ್ಕಿನಲ್ಲಿದ್ದಂತೆ ತೆರೆಯುತ್ತಿತ್ತು. ಇವತ್ತು ಎಷ್ಟೋ ಸಾಫ್ಟ್‌ವೇರಿನಲ್ಲಿ ಇರುವ ಯುಯುಐಡಿ, ಅಂದರೆ ಇನ್ನೊಂದಕ್ಕೆ ಹೊಂದದಂತೆ ಕೊಡುವ ಗುರುತಿನ ಸಂಖ್ಯೆ, ಮೊದಲು ಬಂದದ್ದೂ ಇವರಲ್ಲೇ. 1989ರಲ್ಲಿ ಅಪೊಲೊವನ್ನು ಎಚ್‌ಪಿ ಕೊಂಡಿತು. ಆಮೇಲೆ ಹೆಸರೂ ಮರೆಯಾಯಿತು. ನನಗದು ಇವತ್ತಿಗೂ ಬೇಜಾರು.

ಈಗ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಅಳೆಯುತ್ತಿದ್ದೇನೆ. ಆನ್ ಮಾಡುವ ದಿನ ಮೊದಲ ಕೆಲಸ ಕ್ಯಾಲೆಂಡರನ್ನು ಹಿಂದಕ್ಕೆ ತಿರುಗಿಸುವುದು. ಇದನ್ನು ನಡೆಸುವ ಮೂಲ ಸಾಫ್ಟ್‌ವೇರ್ ಡೊಮೇನ್ ಓಎಸ್ ಕಾಲವನ್ನು 48 ಬಿಟ್‌ನಲ್ಲಿ ಎಣಿಸುತ್ತದೆ. ಸರಿಪಡಿಸದಿದ್ದರೆ 1997ರ ನವೆಂಬರ್ 2 ದಾಟಿದ ತಾರೀಕಿಗೆ ಅದರ ಲೆಕ್ಕ ತಪ್ಪುತ್ತದೆ. ನಾನು 1987 ಅಂತಲೇ ಇಡುತ್ತೇನೆ.